ನರಿಗುಟ್ಟೆಯ ಹೆಣ್ಣು ಓತಿಗಳು

ನಮ್ಮೂರಿನಲ್ಲಿ ಬರೀ ಸಿದ್ದರಾಜು ಅಂತ ಕೇಳಿದರೆ ಯಾವ ಸಿದ್ದರಾಜು ಅನ್ನುತ್ತಾರೆ. ಓತಿಕ್ಯಾತದ ಸಿದ್ದರಾಜು ಅಂದರೆ ಸಣ್ಣ ಮಕ್ಕಳೂ ಮನೆ ತೋರಿಸುತ್ತವೆ. ಸೂಲಿಬೆಲೆಯಿಂದ ಒಳಕ್ಕೆ, ಹಿಪ್ಪುನೇರಳೆ ತೋಟಗಳನ್ನು ದಾಟಿ ಬಂದರೆ ನಮ್ಮೂರು. ಊರ ಹಿಂದೆ ನರಿಗುಟ್ಟೆ ಅಂತ ಒಂದು ಬೋಳು ಬಂಡೆಗುಡ್ಡ ಇದೆ. ಆ ಗುಡ್ಡದ ಮೇಲೆ ಓತಿಕ್ಯಾತಗಳನ್ನು ಹಿಡಿಯುವುದು, ಅಳೆಯುವುದು, ಮತ್ತೆ ಅಲ್ಲೇ ಬಿಡುವುದು ಸಿದ್ದರಾಜುವಿನ ಉದ್ಯೋಗ. ಹಾಲಿನ ಡೈರಿ ಮುಂದೆ ಕೂತವರು ಅವನನ್ನು ಕಂಡಾಗಲೆಲ್ಲ ಕಾಲೆಳೆಯುತ್ತಿದ್ದರು.

"ಏನ್ ಗುರು, ಓತಿಕ್ಯಾತ ಹಿಡಿಯೋಕೂ ಸಂಬಳ ಕೊಡ್ತಾರಾ?"

"ಸುಮ್ನೆ ಕೂತಿರೋರ್ಗೆ ಕೊಡೋ ಹಂಗಿದ್ರೆ ಮೊದ್ಲು ನಿಮಗೇ ಕೊಡ್ತಿದ್ರು ಬಿಡಿ" ಅನ್ನುತ್ತಾ ಅವನು ಬೈಸಿಕಲ್ ನಿಲ್ಲಿಸದೆ ಹೋಗುತ್ತಿದ್ದ.

ನನಗೆ ಅವನು ದಾಯಾದಿಯೂ ಅಲ್ಲ, ನೆಂಟನೂ ಅಲ್ಲ. ಪಕ್ಕದ ಮನೆಯವನು, ಅಷ್ಟೆ. ನಾನು ಆಂಜಿನಪ್ಪ, ಸಾಂಖ್ಯಿಕ ಇಲಾಖೆಯಲ್ಲಿ ಬೆಳೆ ಅಂದಾಜು ಮಾಡುವ ಕೆಲಸದಲ್ಲಿದ್ದು ನಿವೃತ್ತನಾದವನು. ರಾಗಿ ಹೊಲದಲ್ಲಿ ಯಾವ ಜಾಗದ ಪೈರು ಕೊಯ್ದು ತೂಗಬೇಕು ಅನ್ನುವುದನ್ನು ನಮ್ಮ ಇಷ್ಟಕ್ಕೆ ಬಿಟ್ಟಿರಲಿಲ್ಲ. ಪಟ್ಟಿಯಲ್ಲಿ ಯಾವ ಸಂಖ್ಯೆ ಬರುತ್ತದೋ ಆ ಜಾಗಕ್ಕೇ ಹೋಗಿ ಗೂಟ ಹೊಡೆಯಬೇಕು. ಹೊಲದ ಯಜಮಾನ "ಸಾರ್, ಆ ಮೂಲೇಲಿ ಬೇಡ, ಅಲ್ಲಿ ಹಂದಿ ಮೇಯ್ದೈತೆ" ಅಂತ ಗೋಗರೆಯುತ್ತಾನೆ. ಅವನ ಮಾತು ಕೇಳಿದರೆ ಬರುವ ಅಂಕಿ ಹೊಲದ್ದಲ್ಲ, ಅವನ ಮನಸ್ಸಿನದು. ಇಷ್ಟು ಹೇಳುವುದಕ್ಕೆ ಸರ್ಕಾರ ನನಗೆ ಇಡೀ ಆಯುಸ್ಸು ಸಂಬಳ ಕೊಟ್ಟಿತು. ಸಿದ್ದರಾಜುವಿನ ತಪ್ಪು ಊರಲ್ಲಿ ಬೇರೆ ಯಾರಿಗೂ ತಪ್ಪು ಅನ್ನಿಸದೆ ನನಗೆ ಮಾತ್ರ ಎದೆಗೆ ನಾಟಿದ್ದು ಅದಕ್ಕೇ.

ಸಿದ್ದರಾಜು ಹುಡುಗನಾಗಿದ್ದಾಗ ನರಿಗುಟ್ಟೆಯಲ್ಲಿ ಕುರಿ ಮೇಯಿಸಿದವನು. ದೊಡ್ಡವನಾದ ಮೇಲೆ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ. ಔಷಧಿ ಮೈಗೆ ಒಗ್ಗದೆ ಕೈಯೆಲ್ಲ ಬೊಬ್ಬೆ ಎದ್ದು ಬಿಟ್ಟುಬಿಟ್ಟ. ಹೆಂಡತಿ ಹೊಸಕೋಟೆಯ ಗಾರ್ಮೆಂಟ್ಸಿಗೆ ಬೆಳಿಗ್ಗೆ ಬಸ್ ಹತ್ತಿದರೆ ಕತ್ತಲಾದ ಮೇಲೆ ಬರುವುದು. ಮನೆಯನ್ನೂ ಎರಡು ಹಸುಗಳನ್ನೂ ನೋಡಿಕೊಳ್ಳುವವಳು ತಂಗಿ ಆದಿಲಕ್ಷ್ಮಮ್ಮ. ಅವಳ ಗಂಡ ಲಾರಿ ಓಡಿಸುತ್ತಿದ್ದ, ನೆಲಮಂಗಲದ ಹತ್ತಿರ ಹೈವೇಯಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಅಣ್ಣನ ಮನೆಗೆ ಬಂದವಳು ಹಾಗೇ ಉಳಿದಳು. ಮಾತು ಕಡಿಮೆ, ಕೆಲಸ ಜಾಸ್ತಿ. ಸಿದ್ದರಾಜುವಿಗೆ ತಂಗಿ ಅಂದರೆ ಜೀವ, ಅದನ್ನು ಯಾರೂ ಇಲ್ಲ ಅನ್ನುವ ಹಾಗಿಲ್ಲ.

ಹರ್ಷಿತ ಅನ್ನುವ ಹುಡುಗಿ ಊರಿಗೆ ಬಂದಾಗ ಅವನಿಗೆ ಕೆಲಸವಿರಲಿಲ್ಲ. ನೆಲಮಂಗಲದ ಕಡೆಯ ಹುಡುಗಿ, ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಗಂಡು ಪ್ರಾಣಿಗೂ ಹೆಣ್ಣು ಪ್ರಾಣಿಗೂ ಮೈಕಟ್ಟಿನಲ್ಲಿ ಎಷ್ಟು ವ್ಯತ್ಯಾಸ, ಆ ವ್ಯತ್ಯಾಸಕ್ಕೆ ಅವು ಏನು ಬೆಲೆ ತೆರುತ್ತವೆ ಅನ್ನುವುದನ್ನು ಲೆಕ್ಕ ಹಾಕಿ ತೋರಿಸುವುದು ಅವಳ ವಿಷಯ. ಅದಕ್ಕೆ ಬಂಡೆಯ ಓತಿಕ್ಯಾತಕ್ಕಿಂತ ಒಳ್ಳೆಯದು ಇಲ್ಲವಂತೆ. ಗಂಡಿನ ತಲೆ ಅಗಲ, ಮೈ ದೊಡ್ಡದು, ಬೇಸಿಗೆ ಬಂತು ಅಂದರೆ ಬೆನ್ನು ಕೆಂಡದ ಹಾಗೆ ಕೆಂಪಾಗುತ್ತದೆ. ಹೆಣ್ಣು ಸಣ್ಣದು, ಬಂಡೆಯದೇ ಬಣ್ಣ, ಅಲ್ಲಾಡದೆ ಕೂತರೆ ಕಾಣುವುದೇ ಇಲ್ಲ. ತಲೆ ಆಡಿಸಿ ಅಣಕಿಸುತ್ತದೆ ಅಂತ ನಾವೆಲ್ಲ ಚಿಕ್ಕವರಿದ್ದಾಗ ಕಲ್ಲು ಹೊಡೆದದ್ದು ಬರೀ ಗಂಡಿಗೆ. ಹೆಣ್ಣನ್ನು ನಾವು ನೋಡಿಯೇ ಇರಲಿಲ್ಲ ಅನ್ನುವುದು ಹರ್ಷಿತ ಹೇಳಿದ ಮೇಲೆ ಗೊತ್ತಾಯಿತು.

ಗುಟ್ಟೆಯ ಸಂದುಗೊಂದು ತಿಳಿದವನು ಬೇಕು ಅಂತ ಅವಳು ವಿಚಾರಿಸಿದಾಗ ನಾನೇ ಸಿದ್ದರಾಜುವನ್ನು ತೋರಿಸಿದೆ. ಅವನು ಬೇಗ ಕಲಿತ. ಉದ್ದ ಕೋಲಿನ ತುದಿಗೆ ಗಾಳದ ದಾರದ ಕುಣಿಕೆ ಕಟ್ಟಿ, ಓತಿಯ ಕತ್ತಿಗೆ ಮೆಲ್ಲಗೆ ತೂರಿಸಿ ಎತ್ತುವುದು. ಬಾಲದ ಬುಡ ಉಬ್ಬಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಮೈಯುದ್ದ, ತಲೆಯ ಅಗಲ, ತೂಕ ಹಿಡಿದು ಬರೆದುಕೊಳ್ಳುವುದು. ಆಮೇಲೆ ಬೆನ್ನಿನ ಮೇಲೆ ಬಣ್ಣದ ಚುಕ್ಕೆ ಇಟ್ಟು ಹಿಡಿದ ಜಾಗದಲ್ಲೇ ಬಿಡುವುದು. ಚುಕ್ಕೆ ಎಲ್ಲೆಲ್ಲಿವೆ ಅನ್ನುವುದರ ಮೇಲೆ ಇದು ಇಂಥದ್ದೇ ಓತಿ ಅಂತ ದೂರದಿಂದ ಗುರುತು ಹಿಡಿಯಬಹುದು. ತಿಂಗಳು ಕಳೆದ ಮೇಲೆ ದುರ್ಬೀನಿನಲ್ಲಿ ನೋಡಿ ಯಾವುದು ಉಳಿದಿದೆ, ಯಾವುದು ಕಾಣೆಯಾಗಿದೆ ಅಂತ ಲೆಕ್ಕ ಕೊಡಬೇಕು.

ಬಣ್ಣ ಮೂರು ಇದ್ದವು. ಕೆಂಪು, ಹಳದಿ, ಬಿಳಿ. ಒಂದು ಟಿನ್ ಡಬ್ಬದಲ್ಲಿ ಮೂರೂ ಸಣ್ಣ ಬಾಟಲಿ ಇಟ್ಟು ಹರ್ಷಿತ ಹೇಳಿದ್ದಳು.

"ಸಿದ್ದರಾಜಣ್ಣ, ಬಣ್ಣ ನೀವು ಆರಿಸ್ಬಾರ್ದು. ಕಣ್ಮುಚ್ಕೊಂಡು ಡಬ್ಬಕ್ಕೆ ಕೈ ಹಾಕಿ. ಯಾವ್ದು ಸಿಗುತ್ತೋ ಅದು. ಬಣ್ಣ ಬರ್ಕೊಳ್ಳೋದೇನೂ ಬೇಡ, ಚುಕ್ಕೆ ಜಾಗ ಬರ್ಕೊಂಡ್ರೆ ಸಾಕು."

"ಆಯ್ತಮ್ಮ, ಕಣ್ಮುಚ್ಕೋತೀನಿ" ಅಂದಿದ್ದ ಅವನು.

ಮೊದಲ ಕೆಲವು ವಾರ ಅವಳೇ ಜೊತೆಗಿದ್ದಳು. ಆಮೇಲೆ ತಿಂಗಳಿಗೊಂದು ಸಲ ಬಂದು ಹೋಗುತ್ತಿದ್ದಳು, ಮಿಕ್ಕ ದಿನ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ. ಬಂದಾಗ ಲ್ಯಾಪ್‌ಟಾಪ್ ತೆರೆದು ನನಗೆ ಚಿತ್ರ ತೋರಿಸುತ್ತಿದ್ದಳು. ಗಂಡಿನ ತಲೆಯ ಅಗಲ ಒಂದು ರಾಶಿ, ಹೆಣ್ಣಿನದು ಒಂದು ರಾಶಿ, ಎರಡೂ ರಾಶಿಯ ಅಂಚು ಸ್ವಲ್ಪ ಒಂದರೊಳಗೊಂದು ಸೇರಿಕೊಂಡಿರುತ್ತಿತ್ತು. ಆ ಸೇರಿಕೊಂಡ ಭಾಗದಲ್ಲಿರುವ ಓತಿಯ ತಲೆ ಮಾತ್ರ ನೋಡಿ ಗಂಡೋ ಹೆಣ್ಣೋ ಹೇಳಲಾಗದು. ನನಗೆ ಹಳೆಯ ಕೆಲಸದ ವಾಸನೆ ಬಂದ ಹಾಗಾಗಿ ಖುಷಿಯಾಗುತ್ತಿತ್ತು. ಸಿದ್ದರಾಜು ಪಕ್ಕದಲ್ಲಿ ಕೂತು "ಇದ್ರಲ್ಲಿ ನಾನ್ ಹಿಡ್ದಿದ್ ಯಾವ್ದು?" ಅಂತ ಕೇಳುತ್ತಿದ್ದ. "ಎಲ್ಲಾ ನೀವು ಹಿಡ್ದಿದ್ದೇ ಅಣ್ಣ" ಅಂತ ಅವಳು ನಗುತ್ತಿದ್ದಳು.

ಮೂರನೆಯ ಬೇಸಿಗೆ ಮುಗಿದಾಗ ಅವಳಿಗೆ ಒಂದು ದೊಡ್ಡ ವಿಷಯ ಸಿಕ್ಕಿತು. ಎಲ್ಲರೂ ಅಂದುಕೊಂಡಿದ್ದು ಏನೆಂದರೆ, ಕೆಂಪಗೆ ಹೊಳೆಯುವ ಗಂಡು ಗಿಡುಗನ ಕಣ್ಣಿಗೆ ಬೀಳುತ್ತದೆ, ಬೇಗ ಸಾಯುತ್ತದೆ. ಬಂಡೆಯ ಬಣ್ಣದ ಹೆಣ್ಣು ಉಳಿಯುತ್ತದೆ. ನರಿಗುಟ್ಟೆಯ ಲೆಕ್ಕ ತಿರುಗುಮುರುಗಾಗಿತ್ತು. ಹೆಣ್ಣುಗಳೇ ಹೆಚ್ಚು ಕಾಣೆಯಾಗುತ್ತಿದ್ದವು, ಅದೂ ಅಲ್ಪಸ್ವಲ್ಪವಲ್ಲ. ಮೊಟ್ಟೆ ಹೊತ್ತ ಭಾರಕ್ಕೆ ಓಡಲಾರದೆ ಸಾಯುತ್ತವೆ ಅಂತ ಅವಳು ಕಾರಣ ಕೊಟ್ಟಳು. ಅವಳ ಗೈಡ್ ಕೂಡ ಒಪ್ಪಿದರು. ಹೊರದೇಶದ ಸಭೆಯಲ್ಲಿ ಮಾತಾಡಲು ಕರೆ ಬಂತು. ಚುಕ್ಕೆಯ ಬಣ್ಣದಿಂದ ಏನಾದರೂ ಹೆಚ್ಚುಕಡಿಮೆ ಆಯಿತೇ ಅಂತ ಅಲ್ಲಿ ಯಾರೋ ಕೇಳಿದರಂತೆ. ಬಣ್ಣ ಕಣ್ಣು ಮುಚ್ಚಿ ತೆಗೆದದ್ದು, ಗಂಡಿಗೂ ಹೆಣ್ಣಿಗೂ ಒಂದೇ ಥರ ಹಂಚಿಹೋಗಿರುತ್ತದೆ ಅಂತ ಇವಳು ಉತ್ತರ ಕೊಟ್ಟಳಂತೆ. ಇದನ್ನು ಅವಳೇ ಫೋನಿನಲ್ಲಿ ಸಿದ್ದರಾಜುವಿಗೆ ಸಂತೋಷದಿಂದ ಹೇಳಿದ್ದಳು. ಅವನೂ ಸಂತೋಷಪಟ್ಟ. ಅವನಿಗೆ ಆಗ ಏನೂ ಹೊಳೆದಿರಲಿಲ್ಲ.

ಹೊಳೆದದ್ದು ನಾಲ್ಕನೆಯ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ. ದುರ್ಬೀನು ಹಿಡಿದು ಕೂತಿದ್ದಾಗ ಎದುರಿನ ಬಂಡೆಯ ಮೇಲೆ ಎರಡು ಕೆಂಪು ಚುಕ್ಕೆ ಕಂಡವಂತೆ. ಬಹಳ ಹೊತ್ತು ದಿಟ್ಟಿಸಿದ ಮೇಲೆ ಚುಕ್ಕೆಯ ಸುತ್ತ ಓತಿಯ ಮೈ ಕಂಡಿತು. ಅವನೇ ಹಿಂದಿನ ವಾರ ಗುರುತು ಹಾಕಿ ಬಿಟ್ಟ ಹೆಣ್ಣು. ಮೊಟ್ಟೆ ಕಟ್ಟಿ ಹೊಟ್ಟೆ ದಪ್ಪಗಾಗಿತ್ತು. ಅದು ಅಲ್ಲಾಡಲಿಲ್ಲ, ಬಚ್ಚಿಟ್ಟುಕೊಂಡಿದ್ದೇನೆ ಅಂತ ನಂಬಿ ಕೂತಿತ್ತು. ಗಿಡುಗ ಬಂದು ನೇರ ಅದರ ಮೇಲೇ ಎರಗಿ ಎತ್ತಿಕೊಂಡು ಹೋಯಿತು. ಆಚೆ ಬಂಡೆಯಲ್ಲಿ ಬೆಳಗಿನ ತಂಪಿಗೆ ಇನ್ನೂ ಕೆಂಪೇರದ, ಬಿಳಿ ಚುಕ್ಕೆಯ ಗಂಡೊಂದು ತಲೆ ಆಡಿಸುತ್ತಲೇ ಇತ್ತು. ಬಂಡೆಯ ತುಂಬ ಹಕ್ಕಿ ಹಿಕ್ಕೆಯ ಬಿಳಿ ಕಲೆ, ಬಿಳಿ ಚುಕ್ಕೆ ಅದರಲ್ಲಿ ಸೇರಿಹೋಗಿತ್ತು.

ಅವನು ದುರ್ಬೀನು ಕೆಳಗಿಟ್ಟ. ಸ್ವಲ್ಪ ಹೊತ್ತಿಗೆ ಆದಿಲಕ್ಷ್ಮಮ್ಮ ಹಸುವಿಗೆ ಹುಲ್ಲು ಕೊಯ್ದು ಅದೇ ದಾರಿಯಲ್ಲಿ ಬಂದಳು. ಅಣ್ಣನ ಮುಖ ನೋಡಿ ಹೊರೆ ಇಳಿಸಿದಳು.

"ಲಕ್ಷ್ಮೀ, ಆ ಬಂಡೆ ಮೇಲೆ ಓತಿ ಏನಾದ್ರೂ ಕಾಣ್ತವಾ ನೋಡು."

ಅವಳು ಸೆರಗನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು. "ಅಗಾ, ಒಂದು ಹಳದೀದು. ಕೆಳ್ಗೆ ಇನ್ನೊಂದು ಕೆಂಪು ಚುಕ್ಕೇದು. ಅಷ್ಟೇ ಕಣಣ್ಣ."

"ಅವು ಹೆಣ್ಣು."

"ಇರು, ಮೇಲುಗಡೆ ಇನ್ನೊಂದು ತಲೆ ಆಡಿಸ್ತಾ ಐತಲ್ಲ, ಅದ್ಯಾವ್ದು?"

"ಅದು ಗಂಡು. ಬಿಳಿ ಇಟ್ಟಿದ್ದೆ."

"ಹೆಣ್ಣುಗಳ್ಗೆ ಬಿಳಿ ಇಟ್ಟಿಲ್ವಾ?"

ಸಿದ್ದರಾಜು ದುರ್ಬೀನನ್ನು ಚೀಲಕ್ಕೆ ಹಾಕಿದ. ಅವಳು ಹೊರೆ ಎತ್ತಿಕೊಂಡು ಹೋದಳು.

ಆ ದಿನದಿಂದ ಅವನು ಮಂಡಿನೋವು ಅಂತ ಗುಟ್ಟೆ ಹತ್ತುವುದನ್ನೇ ನಿಲ್ಲಿಸಿದ. ಹರ್ಷಿತಳ ಫೋನು ಬಂದರೆ ಬಡಿದುಕೊಳ್ಳಲು ಬಿಟ್ಟು ಕೊಟ್ಟಿಗೆಗೆ ಹೋಗುತ್ತಿದ್ದ. ಊಟ ಸೇರುತ್ತಿರಲಿಲ್ಲ. ಹೆಂಡತಿ ಆಸ್ಪತ್ರೆಗೆ ತೋರಿಸಿಕೋ ಅಂದಳು. ಕಡೆಗೆ ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತು, ಬಹಳ ಹೊತ್ತು ನೆಲ ಕೆರೆದು, ಬಾಯಿ ಬಿಟ್ಟ.

"ಆಂಜಿನಪ್ಪಣ್ಣ, ನಾನು ಕಣ್ಮುಚ್ತಿರ್ಲಿಲ್ಲ."

"ಏನ್ ಹಂಗಂದ್ರೆ?"

"ಮುಚ್ತಿದ್ದೆ. ಡಬ್ಬಕ್ಕೆ ಕೈ ಹಾಕ್ತಿದ್ದೆ. ಹೆಣ್ಣು ಕೈಲಿದ್ದಾಗ ಬಿಳಿ ಬಾಟ್ಲಿ ಬಂದ್ರೆ ವಾಪಸ್ ಹಾಕ್ಬಿಟ್ಟು ಇನ್ನೊಂದು ತಗೋತಿದ್ದೆ. ಅರಿಶಿನ ಕುಂಕುಮದ ಬಣ್ಣ ಹೆಣ್ಣಿಗಿರ್ಲಿ, ಬಿಳೀದು ಗಂಡಿಗೇ ಹೋಗ್ಲಿ ಅಂತ. ಗಂಡು ಬಂದಾಗ ಬಿಳೀನೇ ಹುಡ್ಕಿ ಇಟ್ಟಿದ್ದೀನಿ, ಇಲ್ಲಾಂದ್ರೆ ಆ ಬಾಟ್ಲಿ ಖರ್ಚಾಗಲ್ಲ, ಹರ್ಷಿತಮ್ಮ ಕೇಳ್ತಾಳೆ ಅಂತ."

ನಾನು ತಲೆಯ ಮೇಲೆ ಕೈ ಹೊತ್ತೆ. ಆ ಹುಡುಗಿಯ ಲೆಕ್ಕದಲ್ಲಿ ಗಂಡು ಹೆಣ್ಣು ಅಂತ ಇದ್ದದ್ದೆಲ್ಲ ಬಿಳಿ ಮತ್ತು ಬಣ್ಣ ಅಂತ ಆಗಿತ್ತು. ಸತ್ತದ್ದು ಹೆಣ್ಣಾಗಿದ್ದಕ್ಕೋ ಬೆನ್ನಿನ ಮೇಲೆ ಕುಂಕುಮ ಇದ್ದುದಕ್ಕೋ, ಯಾವ ಕಂಪ್ಯೂಟರೂ ಈಗ ಬೇರ್ಪಡಿಸಲಾರದು. ನನಗೆ ಸಿಟ್ಟು ನೆತ್ತಿಗೇರಿತು.

"ಓತಿಕ್ಯಾತಕ್ಕೆ ಮುತ್ತೈದೆತನ ಏನ್ಲಾ? ಅದಕ್ಕೇನು ಮದ್ವೆನಾ ಮುಂಜಿನಾ? ಆ ಹುಡ್ಗಿ ಹೊಟ್ಟೆ ಮೇಲೆ ಹೊಡ್ದ್ಯಲ್ಲೋ."

"ಬೈಯಿರಿ ಅಣ್ಣ. ಇನ್ನೂ ಬೈಯಿರಿ. ಆ ಬಸುರಿ ಓತಿ ಕಣ್ಮುಂದಿಂದ ಹೋಗ್ತಿಲ್ಲ. ನಾನೇ ಗಿಡುಗನ್ಗೆ ಬೆರಳು ಮಾಡಿ ತೋರ್ಸ್‌ದಂಗಾಯ್ತು. ಒಂದಾ ಎರಡಾ, ಮೂರು ಬೇಸಿಗೆ ಹಂಗೇ ಕೊಂದಿದ್ದೀನಿ. ಒಳ್ಳೇದು ಮಾಡ್ತಿದ್ದೀನಿ ಅಂತ ಅಂದ್ಕೊಂಡು ಕೊಂದಿದ್ದೀನಿ."

ಅವನು ಅತ್ತ. ಗಂಡಸು ಜಗಲಿಯ ಮೇಲೆ ಕೂತು ಓತಿಕ್ಯಾತಕ್ಕಾಗಿ ಅಳುವುದನ್ನು ನಾನು ಎಂದೂ ನೋಡಿರಲಿಲ್ಲ. ಸಿಟ್ಟು ಇಳಿದು ಪಾಪ ಅನ್ನಿಸಿತು. ಹೇಳದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹುಡುಗಿ ಇನ್ನೇನು ಪಿಎಚ್‌ಡಿ ಪುಸ್ತಕ ಕಟ್ಟಿಸಿ ಒಪ್ಪಿಸುವವಳು. ಹೇಳಿದರೆ ಅವಳ ಹೆಮ್ಮೆಯ ಅಧ್ಯಾಯವೇ ಬಿದ್ದುಹೋಗುತ್ತದೆ. ಹೇಳದಿದ್ದರೆ ಓತಿಕ್ಯಾತದ ಹೆಣ್ಣು ಹೀಗೆ ಸಾಯುತ್ತದೆ ಅಂತ ಸುಳ್ಳೊಂದು ಲೋಕದ ತುಂಬ ಓಡಾಡುತ್ತದೆ, ಅದನ್ನು ನಂಬಿ ಇನ್ನೊಬ್ಬಳು ಇನ್ನೊಂದು ಲೆಕ್ಕ ಕಟ್ಟುತ್ತಾಳೆ.

"ಕರೆಸಿ ಹೇಳ್ಬಿಡು. ಫೋನಲ್ಲಿ ಬೇಡ" ಅಂದೆ.

"ನೀವೂ ಬಂದು ಕೂತ್ಕೋಬೇಕು. ನನ್ನೊಬ್ನ ಕೈಲಿ ಆಗಲ್ಲ."

ಹರ್ಷಿತ ಭಾನುವಾರ ಬಂದಳು. ಪಾಪ, ಮೈಸೂರುಪಾಕಿನ ಡಬ್ಬ ತಂದಿದ್ದಳು. ಪುಸ್ತಕದ ಮೊದಲ ಪುಟದಲ್ಲಿ ಕೃತಜ್ಞತೆ ಹೇಳುವಾಗ ಗೈಡ್ ಆದ ಮೇಲೆ ಸಿದ್ದರಾಜಣ್ಣನ ಹೆಸರೇ ಬರುವುದು ಅಂತ ನಡುಮನೆಗೆ ಕಾಲಿಡುತ್ತಲೇ ಹೇಳಿದಳು. ಅವನು ಚಾಪೆಯ ಮೇಲೆ ಕೂತು ತಲೆ ತಗ್ಗಿಸಿಯೇ ಇದ್ದ. ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಅವನೇ ಎಲ್ಲ ಹೇಳಿದ, ಬಾಟಲಿ ವಾಪಸ್ ಹಾಕಿದ್ದು, ಗಂಡಿಗೆ ಬಿಳಿ ಹುಡುಕಿದ್ದು, ಗಿಡುಗ ಎತ್ತಿಕೊಂಡು ಹೋದದ್ದು. ಒಂದನ್ನೂ ಮುಚ್ಚಿಡಲಿಲ್ಲ.

ಹರ್ಷಿತ ಕೈಯಲ್ಲಿದ್ದ ಮೈಸೂರುಪಾಕಿನ ಡಬ್ಬವನ್ನು ಪಕ್ಕಕ್ಕಿಟ್ಟಳು. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಬಂತು.

"ಎಲ್ಲಾ ಹೆಣ್ಣಿಗೂನಾ ಅಣ್ಣ?"

"ಎಲ್ಲಾಕ್ಕೂ."

"ಮೊದಲ್ನೇ ವರ್ಷದಿಂದಾನಾ?"

"ನೀವು ಜೊತೇಲಿದ್ದಾಗ ಮಾತ್ರ ಸರಿಯಾಗಿ ಮಾಡಿದ್ದೆ. ಆಮೇಲೆಲ್ಲ ಹಂಗೇ."

ಅವಳ ಕಣ್ಣಲ್ಲಿ ನೀರಾಡಿತು. ದುಪಟ್ಟಾದ ತುದಿಯಿಂದ ಒರೆಸಿಕೊಂಡು ನನ್ನ ಕಡೆ ತಿರುಗಿ, ಸಿದ್ದರಾಜುವಿಗೆ ಹೇಳಲಾಗದ್ದನ್ನು ನನಗೆ ಹೇಳಿದಳು. "ನಾನೂ ತಿಂಗಳಾ ತಿಂಗಳಾ ಬಂದು ನೋಡಿದ್ದೀನಿ ಅಂಕಲ್. ಕೆಂಪು ಹಳದಿ ಎಲ್ಲಾ ಹೆಣ್ಣಿನ್ ಮೇಲೇ ಇದ್ವು. ನನಗೂ ಕಾಣ್ಲೇ ಇಲ್ಲ ನೋಡಿ. ಬರ್ಕೊಂಡಿದ್ರೆ ಒಂದೇ ನಿಮಿಷದಲ್ಲಿ ಗೊತ್ತಾಗ್ತಿತ್ತು."

"ಅಳತೆ ಎಲ್ಲಾ ಸರಿಯಾಗೈತಲ್ಲಮ್ಮ" ಅಂದೆ. "ತಲೆ ಅಗಲ, ತೂಕ, ಅದ್ಯಾವುದೂ ಬಣ್ಣದಿಂದ ಕೆಡಲ್ಲ."

"ಅದಿರತ್ತೆ. ಸಾವಿನ್ ಲೆಕ್ಕ ಪೂರ್ತಿ ತೆಗೀಬೇಕು. ಗೈಡಿಗೆ ಇವತ್ತೇ ಹೇಳ್ತೀನಿ. ಮುಂದಿನ ಬೇಸಿಗೇಲಿ ಮತ್ತೆ ಮಾಡ್ಬೇಕು. ಮೂರೂ ಬಣ್ಣಾನ ಗಂಡಿಗೂ ಹೆಣ್ಣಿಗೂ ಸಮ ಸಮ ಹಂಚ್ಬಿಟ್ರೆ ಸರಿಹೋಗತ್ತೆ."

ಅವಳು ಎದ್ದು ಬೈದು ಹೋಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಚಾಪೆಯ ಮೇಲೆ ಅವನ ಎದುರಿಗೆ ಇನ್ನೂ ಹತ್ತಿರ ಸರಿದು ಮೆತ್ತಗೆ ಕೇಳಿದಳು.

"ಆದ್ರೆ ಯಾಕಣ್ಣ? ಬಿಳಿ ಇಟ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ. ಹೆಣ್ಣಿನ ಮೈಗೆ ಬಿಳಿ ಹಾಕೋಕೆ ನನ್ ಕೈ ಬರ್ಲಿಲ್ಲ ಕಣಮ್ಮ. ಅಷ್ಟೇ. ಅದನ್ನ ಮುಂಡೆ ಮಾಡ್ದಂಗೆ ಅನ್ನಿಸ್ತಿತ್ತು. ಬಾಯಿಲ್ಲದ ಜೀವ, ಅದ್ಯಾಕೆ ಅಂತ."

ಆದಿಲಕ್ಷ್ಮಮ್ಮ ಕಾಫಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ನಮಗೆ ಯಾರಿಗೂ ಗೊತ್ತಿರಲಿಲ್ಲ.

"ನನ್ಗೆ ಹಾಕೋವಾಗ ಬಂತಲ್ಲಣ್ಣ" ಅಂದಳು.

ದನಿ ಏರಿಸಲಿಲ್ಲ. ಹಸುವಿಗೆ ಬೂಸಾ ಮುಗಿದಿದೆ ಅಂತ ಹೇಳುವ ದನಿಯಲ್ಲೇ ಹೇಳಿದಳು.

ಹರ್ಷಿತಳಿಗೆ ಅರ್ಥವಾಗಲಿಲ್ಲ. ನನಗೂ ಅವನಿಗೂ ಆಯಿತು. ಆದಿಲಕ್ಷ್ಮಮ್ಮನ ಗಂಡನ ತಿಥಿಯ ದಿನ ತವರಿನಿಂದ ಸೀರೆ ಬರಬೇಕು ಅಂತ ಹಿರಿಯರು ಅಂದಾಗ ಹೊಸಕೋಟೆಗೆ ಹೋಗಿ ಬಿಳಿ ಸೀರೆ ತಂದವನು ಸಿದ್ದರಾಜು. ಬಳೆ ಒಡೆದು, ಹಣೆ ಒರೆಸಿ ಕೂರಿಸಿದ್ದ ತಂಗಿಯ ಹೆಗಲಿಗೆ ಎಲ್ಲರ ಎದುರು ಆ ಸೀರೆ ಹೊದಿಸಿದವನೂ ಅವನೇ. ಅವಳಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಬೇಡ ಕಣಣ್ಣ ಅಂತ ಅವಳು ಅವನ ಕೈ ಹಿಡಿದುಕೊಂಡದ್ದು ನನಗೆ ನೆನಪಿದೆ. ಅವನು ಬಿಡಿಸಿಕೊಂಡು ಹೊದಿಸಿದ್ದ. ಅಲ್ಲಿದ್ದ ನಾವೆಲ್ಲ ಆಮೇಲೆ ಎದ್ದು ಊಟಕ್ಕೆ ಕೂತೆವು.

ಸಿದ್ದರಾಜು "ಲಕ್ಷ್ಮೀ, ಅದು ಆವಾಗ ಎಲ್ರೂ..." ಅಂದ. ಓತಿಕ್ಯಾತದ ವಿಷಯವನ್ನು ಅಷ್ಟು ನೇರವಾಗಿ ಒಪ್ಪಿಕೊಂಡ ಮನುಷ್ಯನಿಗೆ ಇದಕ್ಕೆ ಒಂದು ಪೂರ್ತಿ ವಾಕ್ಯ ಸಿಗಲಿಲ್ಲ.

ಆದಿಲಕ್ಷ್ಮಮ್ಮ ಬಗ್ಗಿ ಲೋಟಗಳನ್ನು ಒಂದೊಂದಾಗಿ ನಮ್ಮ ಮುಂದೆ ಇಟ್ಟಳು. ಅಣ್ಣನದನ್ನು ಅವನ ಕೈಗೆ ಸಿಗುವಷ್ಟು ಹತ್ತಿರ ಸರಿಸಿದಳು.

"ಅವಕ್ಕಾದ್ರೆ ಮುಂದಿನ ಬೇಸಿಗೇಲಿ ಸಮ ಮಾಡ್ತಾರಂತಲ್ಲ, ಒಳ್ಳೇದಾಯ್ತು" ಅಂದಳು. "ಕಾಫಿ ಆರೋಗ್ತದೆ, ಕುಡೀರಿ."

ಹಾಲು ಕರೆಯುವ ಹೊತ್ತಾಗಿತ್ತು. ಬಕೆಟ್ಟು ತೆಗೆದುಕೊಂಡು ಅವಳು ಹಿತ್ತಲಿಗೆ ಹೋದಳು. ಅಣ್ಣ ಅವಳ ಹಿಂದೆ ಹೋಗಲು ಅರ್ಧ ಎದ್ದ, ಮತ್ತೆ ಅಲ್ಲೇ ಕೂತ.